ಓಗೊಡುವ ಜಾಲತಾಣ

ಕನ್ನಡದಲ್ಲಿ ‘ಓಗೊಡು’ ಎಂಬುದೊಂದು ಅರ್ಥಪೂರ್ಣವಾದ ಕ್ರಿಯಾಪದ. ‘ಓ’ ಎಂಬ ದನಿಗೆ ‘ಕೊಡು’ ಧಾತು ಸೇರಿ, ಕಕಾರಕ್ಕೆ ಗಕಾರವು ಆದೇಶವಾಗಿ ಬಂದ ಕ್ರಿಯಾಸಮಾಸವಿದು. ಕರೆದವರಿಗೆ ‘ಓ’ ಎಂದು ಮರುದನಿ ಸಲ್ಲಿಸುವುದು ಇದರ ಮೂಲಾರ್ಥ. ಅಂಗಳದಲ್ಲಿ ನಿಂತು ಯಾರಾದರೂ ಹೆಸರು ಹಿಡಿದು ಕೂಗಿದಾಗ, ಒಳಗಿರುವವನು ಕೂಡಲೆ ಎದ್ದು ಬರಲಾಗದಿದ್ದರೂ ‘ಓ’ ಎನ್ನುತ್ತಾನೆ. ಆ ಒಂದಕ್ಷರದಿಂದ ಮನೆಯಲ್ಲಿ ಜನರಿದ್ದಾರೆಂದೂ, ಕೂಗು ಕೇಳಿಸಿದೆಯೆಂದೂ, ಸ್ವಲ್ಪ ನಿಂತರೆ ಬಂದ ಕೆಲಸ ಆಗುವುದೆಂದೂ ಕೂಗಿದವನಿಗೆ ತಿಳಿಯುತ್ತದೆ. ‘ಓ’ ಬಾರದಿದ್ದರೆ ಅವನು ಇನ್ನೊಂದು ಸಲ ಕೂಗಿ ನೋಡಿ, ಬಂದ ದಾರಿ ಹಿಡಿಯುತ್ತಾನೆ.

ಜಾಲತಾಣಗಳ ವಿಷಯದಲ್ಲಿ ಇಂಗ್ಲಿಷಿನವರು ‘ರೆಸ್ಪಾನ್ಸಿವ್’ ಎಂಬ ವಿಶೇಷಣವನ್ನು ಬಳಸುತ್ತಾರೆ. ಲ್ಯಾಟಿನ್ ಮೂಲದ ಆ ಪದದ ಬೇರಿನಲ್ಲಿರುವುದು ‘ಮರಳಿ ಮಾತು ಕೊಡುವುದು’ ಎಂಬ ಅರ್ಥ. ಅದಕ್ಕೆ ಸಂವಾದಿಯಾಗಿ ‘ಸ್ಪಂದನಶೀಲ’ ಎಂಬ ಶಬ್ದ ಕನ್ನಡದಲ್ಲಿ ಬಳಕೆಗೆ ಬಂದಿದೆ. ಸಂಸ್ಕೃತ ಧಾತುವಿನ ಅರ್ಥವನ್ನು ನೋಡಿದರೆ ಸ್ಪಂದನವೆಂದರೆ ಕಿಂಚಿತ್ತಾಗಿ ಅಲುಗುವುದು, ಅಷ್ಟೆ. ನಾಡಿಗೂ ಕಣ್ಣೆವೆಗೂ ಅದು ಒಪ್ಪುತ್ತದೆ. ಕರೆದವನಿಗೆ ಉತ್ತರ ಸಲ್ಲಿಸಬೇಕಾದ ತಾಣಕ್ಕೆ ಬರಿಯ ಅಲುಗಾಟ ಸಾಲದು. ಆದಕಾರಣ ಪ್ರಕೃತ ಲೇಖನದಲ್ಲಿ ದೇಶ್ಯವಾದ ‘ಓಗೊಡು’ ಎಂಬ ಪದವನ್ನೇ ಹಿಡಿಯಲಾಗಿದೆ.

ವ್ಯಾಕರಣ, ಛಂದಸ್ಸುಗಳ ಪಾಠ ಹೇಳತಕ್ಕವನಿಗೆ ಕಂಪ್ಯೂಟರಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಜಾಲಪುಟದಲ್ಲಿ ಸಂಚರಿಸುವುದು ಬಹುಮಟ್ಟಿಗೆ ಲಿಪಿಯೇ ಅಷ್ಟೆ? ಕಲ್ಲಿನಿಂದ ಓಲೆಗರಿಗೆ, ಗರಿಯಿಂದ ಕಾಗದಕ್ಕೆ, ಕಾಗದದಲ್ಲಿ ಅಚ್ಚುಮೊಳೆಗೆ ಕನ್ನಡ ಲಿಪಿ ಬಂದಾಗಲೆಲ್ಲ ಅದರ ಕಷ್ಟನಷ್ಟಗಳನ್ನು ವಿಚಾರಿಸುವ ಹೊಣೆ ಭಾಷಾಧ್ಯಾಪಕರ ಮೇಲೂ ಬಿದ್ದಿದೆ. ಈಗ ಲಿಪಿ ಅಂಗೈಯಗಲದ ಗಾಜಿನ ಮೇಲೆ ಬಂದು ಕುಳಿತಿದೆ. ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯ ಫಲಿತಾಂಶವನ್ನು ನೋಡುವುದೂ, ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವುದೂ ಅಲ್ಲಿಯೇ. ಅನೇಕ ಮನೆಗಳಲ್ಲಿ ಇರುವುದು ಒಂದೇ ಫೋನು. ಅದೂ ತಂದೆ ಹೊಲದಿಂದ ಬಂದ ಮೇಲೆ ಮಕ್ಕಳ ಕೈಗೆ ಸಿಗುವಂಥದು. ಅಂಥ ಫೋನಿಗೆ ಓಗೊಡದ ತಾಣ ಆ ಮಗುವಿನ ಪಾಲಿಗೆ ಮುಚ್ಚಿದ ಕಚೇರಿಯೇ ಸರಿ.

ಓಗೊಡುವಿಕೆಯಲ್ಲಿ ಎರಡು ಬಗೆಯುಂಟು. ನೋಡುವವನ ಪರದೆಯ ಅಗಲಕ್ಕೆ ತಕ್ಕಂತೆ ಪುಟವು ತನ್ನ ಆಕಾರವನ್ನು ಹೊಂದಿಸಿಕೊಳ್ಳುವುದು ಒಂದು. ಮುಟ್ಟಿದ ಕ್ಷಣದಲ್ಲಿ ತಡಮಾಡದೆ ಉತ್ತರ ಕೊಡುವುದು ಇನ್ನೊಂದು. ಮೊದಲನೆಯದನ್ನು ರೂಪದ ಅನುಸರಣೆ ಎಂದೂ, ಎರಡನೆಯದನ್ನು ಕಾಲದ ಅನುಸರಣೆ ಎಂದೂ ಕರೆಯೋಣ. ತಜ್ಞರಲ್ಲದವರ ಮಾತಿನಲ್ಲಿ ಇವೆರಡೂ ಕಲಸಿಹೋಗುತ್ತವೆ. ಪರದೆಗೆ ಚೆನ್ನಾಗಿ ಹೊಂದಿಕೊಂಡೂ ಹತ್ತು ಸೆಕೆಂಡು ಬಾಯಿ ಬಿಡದ ಪುಟಗಳಿವೆ. ಥಟ್ಟನೆ ತೆರೆದುಕೊಂಡೂ ಅಕ್ಷರಗಳು ಎಳ್ಳುಕಾಳಿನಷ್ಟಾಗಿ ಓದಲು ಬಾರದ ಪುಟಗಳೂ ಇವೆ.

ರೂಪದ ವಿಷಯವನ್ನು ಮೊದಲು ನೋಡೋಣ. ಇದು ನಮ್ಮವರಿಗೆ ಹೊಸತಲ್ಲ. ಓಲೆಗರಿಯ ಕಟ್ಟುಗಳನ್ನು ಕಂಡವರಿಗೆ ಗೊತ್ತಿರುವಂತೆ, ಲಿಪಿಕಾರರು ಪದ್ಯವನ್ನು ಪಾದಪಾದವಾಗಿ ಬಿಡಿಸಿ ಬರೆಯುತ್ತಿರಲಿಲ್ಲ. ಗರಿ ಎಷ್ಟು ಉದ್ದವೋ ಅಷ್ಟರವರೆಗೆ ಒಂದೇ ಓಟದಲ್ಲಿ ಬರೆದು, ಮುಗಿದಲ್ಲಿ ಮುಂದಿನ ಸಾಲಿಗೆ ಇಳಿಯುತ್ತಿದ್ದರು. ಪಾದ ಎಲ್ಲಿ ಮುಗಿಯಿತೆಂಬುದನ್ನು ಓದುವವನು ಗಣದಿಂದಲೂ ದ್ವಿತೀಯಾಕ್ಷರ ಪ್ರಾಸದಿಂದಲೂ ಕಂಡುಕೊಳ್ಳುತ್ತಿದ್ದ. ಗರಿ ಕಿರಿದಾದರೂ ಹಿರಿದಾದರೂ ಕಾವ್ಯಕ್ಕೆ ಊನವಿರಲಿಲ್ಲ. ಅಚ್ಚಿನ ಪುಸ್ತಕ ಬಂದ ಮೇಲೆ ಪುಟದ ಅಳತೆ ಸ್ಥಿರವಾಯಿತು. ಇಂಥ ಸಾಲು ಇಂಥ ಸ್ಥಳದಲ್ಲಿಯೇ ನಿಲ್ಲಬೇಕೆಂಬ ಅಭ್ಯಾಸ ಬೆಳೆಯಿತು. ಮೊದಮೊದಲ ಜಾಲತಾಣಗಳನ್ನು ಕಟ್ಟಿದವರು ಅಚ್ಚಿನ ಪುಟದ ಈ ಅಭ್ಯಾಸವನ್ನೇ ಪರದೆಗೂ ತಂದು, ಮೇಜಿನ ಮೇಲಣ ಕಂಪ್ಯೂಟರಿನ ಅಗಲಕ್ಕೆ ಪುಟವನ್ನು ಬಿಗಿದುಬಿಟ್ಟರು.

೨೦೦೭ರಲ್ಲಿ ಐಫೋನ್ ಬಂದಾಗ ಈ ಬಿಗಿತದ ತೊಂದರೆ ಬಯಲಾಯಿತು. ಆಗ ಇದ್ದ ಪುಟಗಳನ್ನು ಹೇಗಾದರೂ ತೋರಿಸಬೇಕೆಂದು ಆ ಫೋನಿನ ಬ್ರೌಸರು ತನ್ನ ಪರದೆ ೯೮೦ ಪಿಕ್ಸೆಲ್ ಅಗಲವಿದೆಯೆಂದು ಕಲ್ಪಿಸಿಕೊಂಡು, ಇಡೀ ಪುಟವನ್ನು ಕುಗ್ಗಿಸಿ ತೋರಿಸುತ್ತಿತ್ತು. ಓದುವವನು ಎರಡು ಬೆರಳುಗಳಿಂದ ಹಿಗ್ಗಿಸಿ, ಪ್ರತಿ ಸಾಲಿಗೂ ಎಡದಿಂದ ಬಲಕ್ಕೆ ಎಳೆದಾಡಬೇಕಾಗಿತ್ತು. ೨೦೧೦ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕಾರ ‘ಎ ಲಿಸ್ಟ್ ಅಪಾರ್ಟ್’ ಎಂಬ ಜಾಲಪತ್ರಿಕೆಯಲ್ಲಿ ಒಂದು ಲೇಖನ ಬರೆದು, ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂಬ ಹೆಸರನ್ನು ರೂಢಿಗೆ ತಂದ. ಒಳಗಿರುವ ಜನಕ್ಕೆ ತಕ್ಕಂತೆ ಗೋಡೆಗಳೇ ಮಾರ್ಪಡುವ ವಾಸ್ತುವಿನ ಕಲ್ಪನೆಯಿಂದ ಆತ ಈ ಹೆಸರನ್ನು ಎತ್ತಿಕೊಂಡದ್ದು. ಕಂಬಸಾಲುಗಳ ಅಗಲವನ್ನು ಪಿಕ್ಸೆಲಿನಲ್ಲಿ ಹೇಳದೆ ಪರದೆಯ ಇಷ್ಟನೆಯ ಭಾಗವೆಂದು ಹೇಳಬೇಕು, ಚಿತ್ರಗಳು ತಮ್ಮ ಮನೆಯ ಅಗಲವನ್ನು ಮೀರಬಾರದು, ಪರದೆ ಇಂತಿಷ್ಟಕ್ಕಿಂತ ಕಿರಿದಾದರೆ ಜೋಡಣೆ ಹೀಗಿರಲಿ ಎಂಬ ನಿಯಮವನ್ನು ಪುಟದಲ್ಲಿಯೇ ಬರೆದಿಡಬೇಕು ಎಂಬುದು ಆತನ ಸೂತ್ರದ ಸಾರ. ‘ಮೀಡಿಯಾ ಕ್ವೆರಿ’ ಎಂಬ ಆ ನಿಯಮವಿಧಾನ ೨೦೧೨ರಲ್ಲಿ ಜಾಲದ ಅಂಗೀಕೃತ ಶಿಫಾರಸ್ಸಾಯಿತು. ಇಷ್ಟರ ಜೊತೆಗೆ ಪುಟದ ತಲೆಯಲ್ಲಿ ‘ವ್ಯೂಪೋರ್ಟ್’ ಎಂಬ ಒಂದು ಸಾಲಿನ ಸೂಚನೆ ಇರಲೇಬೇಕು. ‘ನಿನ್ನ ನಿಜವಾದ ಅಗಲವನ್ನೇ ಅಗಲವೆಂದು ತಿಳಿ’ ಎಂದು ಅದು ಫೋನಿಗೆ ಹೇಳುತ್ತದೆ. ಆ ಸಾಲು ಇಲ್ಲದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ಅದೇ ಸಾಲಿನಲ್ಲಿ ಹಿಗ್ಗಿಸುವುದನ್ನು ನಿಷೇಧಿಸುವ ಒಂದು ದುರಭ್ಯಾಸವೂ ಕೆಲವು ತಾಣಗಳಲ್ಲಿ ಕಾಣುತ್ತದೆ. ಚಾಳೀಸು ದಾಟಿದ ಕಣ್ಣುಗಳ ಮೇಲೆ ಇದು ದೊಡ್ಡ ಅನ್ಯಾಯ.

ಇಷ್ಟು ಎಲ್ಲ ಭಾಷೆಗಳಿಗೂ ಸಮಾನ. ಕನ್ನಡಕ್ಕೆ ಮಾತ್ರ ಬರತಕ್ಕ ತೊಡಕುಗಳು ಬೇರೆ ಇವೆ. ಅವುಗಳನ್ನು ಇಂಗ್ಲಿಷ್ ಕೈಪಿಡಿಗಳು ಹೇಳುವುದಿಲ್ಲ.

ನಮ್ಮ ಅಕ್ಷರಕ್ಕೆ ಕೆಳಮನೆಯುಂಟು. ‘ಸ್ತ್ರೀ’, ‘ರಾಷ್ಟ್ರ’, ‘ಉಜ್ಜ್ವಲ’ ಎಂಬಲ್ಲಿ ಒತ್ತಕ್ಷರದ ಜೊತೆಗೆ ಮತ್ತೊಂದು ಒತ್ತು. ರೋಮನ್ ಅಕ್ಷರಗಳನ್ನು ಕಣ್ಣಿನ ಮುಂದಿಟ್ಟುಕೊಂಡು ರೂಪಿಸಿದ ಗುಂಡಿಗಳಿಗೂ ಶೀರ್ಷಿಕೆಯ ಪಟ್ಟಿಗಳಿಗೂ ಎತ್ತರವನ್ನು ಬಿಗಿಯಾಗಿ ನಿಗದಿ ಮಾಡಿದ್ದರೆ, ಪರದೆ ಕಿರಿದಾದಾಗ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. ಒತ್ತು ಹೋದರೆ ಅರ್ಥವೂ ಹೋಯಿತು. ‘ಪಟ್ಟ’ ಹೋಗಿ ‘ಪಟ’ವಾಗುತ್ತದೆ, ‘ಹಳ್ಳಿ’ ಹೋಗಿ ‘ಹಳಿ’ಯಾಗುತ್ತದೆ, ‘ಕತ್ತೆ’ಯಂತೂ ‘ಕತೆ’ಯೇ ಆಗಿಬಿಡುತ್ತದೆ. ಇದನ್ನು ತಪ್ಪಿಸಲು ಎತ್ತರವನ್ನು ಅಂಕಿಯಲ್ಲಿ ಬಂಧಿಸದೆ ಅಕ್ಷರಕ್ಕೆ ತಕ್ಕಂತೆ ಬೆಳೆಯಲು ಬಿಡಬೇಕು. ಸಾಲಿನಿಂದ ಸಾಲಿಗೆ ಇರುವ ಅಂತರವನ್ನು ಇಂಗ್ಲಿಷಿಗಿಂತ ಸ್ವಲ್ಪ ಹೆಚ್ಚಾಗಿಯೇ ಇಡಬೇಕು.

ಎರಡನೆಯ ತೊಡಕು ಸಂಧಿಸಮಾಸಗಳದು. ‘ವಿದ್ಯಾರ್ಥಿನಿಲಯಪ್ರವೇಶಪತ್ರ’ ಎಂಬಂಥ ಒಂದು ಪದ ಅಗಲವಾದ ಪುಟದಲ್ಲಿ ಗಂಭೀರವಾಗಿ ಕಾಣುತ್ತದೆ. ಫೋನಿನ ಪರದೆಯಲ್ಲಿ ಅದು ಬಲಗಡೆಯ ಅಂಚನ್ನು ಸೀಳಿಕೊಂಡು ಹೊರಗೆ ಹೋಗುತ್ತದೆ. ಆಗ ಒಂದು ಪದದ ದೆಸೆಯಿಂದ ಇಡೀ ಪುಟ ಅಡ್ಡಡ್ಡಲಾಗಿ ಜಾರತೊಡಗುತ್ತದೆ. ಮೀರಿದ ಪದವನ್ನು ಒಡೆದು ಕೆಳಗಿಳಿಸುವಂತೆ ಬ್ರೌಸರಿಗೆ ಅಪ್ಪಣೆ ಕೊಡಲು ಅವಕಾಶವಿದೆ. ಆದರೆ ಯಂತ್ರಕ್ಕೆ ವಿಗ್ರಹವಾಕ್ಯ ತಿಳಿಯದಾದುದರಿಂದ ಅದು ಎಲ್ಲಿ ಬೇಕೆಂದರಲ್ಲಿ ಒಡೆಯುತ್ತದೆ. ಎಲ್ಲಿ ಒಡೆದರೆ ಸಲ್ಲುವುದೋ ಅಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಬರೆಯುವವನೇ ಇಡಬಹುದು. ಅದಕ್ಕಿಂತ ಮೇಲಾದ ಉಪಾಯವೆಂದರೆ ಶೀರ್ಷಿಕೆಗಳಲ್ಲಿ ದೀರ್ಘಸಮಾಸಗಳನ್ನು ಬಿಡಿಸಿ ಬರೆಯುವುದು. ಸಮಾಸಪ್ರಿಯನಾದ ನಾನು ಈ ಮಾತನ್ನು ಹೇಳುತ್ತಿರುವುದು ಸಂತೋಷದಿಂದಲ್ಲ.

ಮೂರನೆಯದು ಇವೆಲ್ಲಕ್ಕಿಂತ ದೊಡ್ಡದು. ನಮ್ಮ ಸಂಘಸಂಸ್ಥೆಗಳು ಸೂಚನೆ, ಆಹ್ವಾನಪತ್ರಿಕೆ, ವೇಳಾಪಟ್ಟಿಗಳನ್ನು ಅಕ್ಷರವಾಗಿ ಬರೆಯದೆ, ಮುದ್ರಿಸಿದ ಹಾಳೆಯ ಚಿತ್ರ ತೆಗೆದು ಜಾಲತಾಣಕ್ಕೆ ಅಂಟಿಸುವುದುಂಟು. ಚಿತ್ರದೊಳಗಿನ ಸಾಲು ಪರದೆ ಕಿರಿದಾದರೆ ಮುರಿದು ಕೆಳಗಿಳಿಯುವುದಿಲ್ಲ, ಕುಗ್ಗುತ್ತದೆ, ಅಷ್ಟೆ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಮೂಕವಾಗಿರುತ್ತದೆ. ಶೋಧಯಂತ್ರವು ಅದರೊಳಗಿನ ಕನ್ನಡವನ್ನು ಪಠ್ಯದಂತೆ ಎಣಿಸಿ ಪಟ್ಟಿ ಮಾಡುವುದೆಂದು ನಂಬಿ ಕುಳಿತುಕೊಳ್ಳುವಂತಿಲ್ಲ. ಇದರ ಸೋದರನೆಂದು ಹೇಳಬಹುದಾದ ಇನ್ನೊಂದು ಸಂಗತಿ ಹಳೆಯ ಸಂಕೇತಪದ್ಧತಿ. ನುಡಿ, ಬರಹ ಮೊದಲಾದ ತಂತ್ರಾಂಶಗಳು ಕನ್ನಡದ ಅಚ್ಚಿಗೆ ಮಾಡಿದ ಉಪಕಾರ ಅಪಾರ. ಆದರೆ ಅವುಗಳ ಹಿಂದಿನ ಅಕ್ಷರಶೈಲಿಗಳಲ್ಲಿ ಬರೆದದ್ದು ಒಳಗೆ ರೋಮನ್ ಸಂಕೇತವೇ. ಮೇಲೆ ಮಾತ್ರ ಕನ್ನಡದ ಅಂಗಿ. ಅಂಗಿ ದೊರೆಯದ ಫೋನಿನಲ್ಲಿ ಅದು ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ. ಶೋಧಯಂತ್ರದ ಕಣ್ಣಿಗೆ ಕಾಣುವುದೂ ಆ ಗೀಚೇ. ಯೂನಿಕೋಡಿಗೆ ಪರಿವರ್ತಿಸದ ಹೊರತು ಅಂಥ ಪುಟದ ವೇಗ, ವಿನ್ಯಾಸಗಳ ಮಾತೇ ಏಳುವುದಿಲ್ಲ.

ಇನ್ನು ಕಾಲದ ವಿಷಯ. ೧೯೬೮ರಲ್ಲಿಯೇ ರಾಬರ್ಟ್ ಮಿಲ್ಲರ್ ಎಂಬುವರು ಗಣಕಯಂತ್ರ ಎಷ್ಟು ಹೊತ್ತಿನೊಳಗೆ ಉತ್ತರಿಸಿದರೆ ಮನುಷ್ಯನ ವಿಚಾರಧಾರೆ ತುಂಡಾಗುವುದಿಲ್ಲ ಎಂಬ ಪ್ರಶ್ನೆಯನ್ನು ಎತ್ತಿ ಪ್ರಬಂಧ ಮಂಡಿಸಿದ್ದರು. ೧೯೯೩ರಲ್ಲಿ ಜೇಕಬ್ ನೀಲ್ಸನ್ ಎಂಬ ವಿದ್ವಾಂಸರು ಆ ವಿಚಾರವನ್ನು ಸಂಗ್ರಹಿಸಿ ಮೂರು ಎಲ್ಲೆಗಳನ್ನು ಹೇಳಿದರು. ೦.೧ ಸೆಕೆಂಡಿನೊಳಗೆ ಉತ್ತರ ಬಂದರೆ ಮುಟ್ಟಿದ್ದಕ್ಕೂ ಆದದ್ದಕ್ಕೂ ನಡುವೆ ತೆರಪೇ ಇಲ್ಲವೆಂದು ತೋರುತ್ತದೆ; ೧ ಸೆಕೆಂಡಿನೊಳಗಾದರೆ ತಡ ಗೊತ್ತಾದರೂ ಯೋಚನೆಯ ಎಳೆ ಹರಿಯುವುದಿಲ್ಲ; ೧೦ ಸೆಕೆಂಡು ದಾಟಿದರೆ ಗಮನ ಬೇರೆ ಕಡೆ ಹೊರಟುಹೋಗುತ್ತದೆ. ಛಂದಸ್ಸು ಓದಿದವರಿಗೆ ಇದು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ನಾವು ಕಾಲವನ್ನು ಮಾತ್ರೆಗಳಲ್ಲಿ ಅಳೆಯುವವರು. ಸಾಧಾರಣವಾದ ಮಾತಿನಲ್ಲಿ ಒಂದು ಲಘ್ವಕ್ಷರಕ್ಕೆ ಹಿಡಿಯುವ ಹೊತ್ತು ಹೆಚ್ಚುಕಡಮೆ ಸೆಕೆಂಡಿನ ಐದನೆಯ ಒಂದು ಭಾಗ. ವಾಚನ ಮಾಡುವವನು ಒಂದು ಮಾತ್ರೆಯ ಎಡೆಯಲ್ಲಿ ತಡವರಿಸಿದರೂ ಕೇಳುವ ಕಿವಿಗೆ ಅದು ಗೊತ್ತಾಗುತ್ತದೆ.

೨೦೨೦ರ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆ ‘ಕೋರ್ ವೆಬ್ ವೈಟಲ್ಸ್’ ಎಂಬ ಹೆಸರಿನಿಂದ ಪ್ರಕಟಿಸಿದ ಅಳತೆಗಳು ಮೂರು. ಪುಟದ ಮುಖ್ಯವಾದ, ಎಲ್ಲಕ್ಕಿಂತ ದೊಡ್ಡದಾದ ಚಿತ್ರವೋ ಪಠ್ಯಭಾಗವೋ ೨.೫ ಸೆಕೆಂಡಿನೊಳಗೆ ಕಣ್ಣಿಗೆ ಬೀಳಬೇಕು. ಪುಟದ ಭಾಗಗಳು ಬಂದ ಮೇಲೆ ಸ್ಥಾನಪಲ್ಲಟ ಹೊಂದಬಾರದು. ಈ ಕದಲಿಕೆಯ ಸೂಚ್ಯಂಕ ೦.೧ನ್ನು ಮೀರಕೂಡದು. ಮೂರನೆಯದು ಮುಟ್ಟಿದ್ದಕ್ಕೆ ಬರುವ ಉತ್ತರ. ಮೊದಲು ಕೇವಲ ಪ್ರಥಮ ಸ್ಪರ್ಶದ ತಡವನ್ನು ಅಳೆಯುತ್ತಿದ್ದರು. ೨೦೨೪ರ ಮಾರ್ಚ್ ೧೨ರಿಂದ ಅದನ್ನು ಕೈಬಿಟ್ಟು, ಓದುಗನು ಆ ಪುಟದಲ್ಲಿರುವವರೆಗೆ ಮಾಡಿದ ಸ್ಪರ್ಶಗಳೆಲ್ಲವನ್ನೂ ಗಮನಿಸುವ ‘ಇಂಟರಾಕ್ಷನ್ ಟು ನೆಕ್ಸ್ಟ್ ಪೇಂಟ್’ ಎಂಬ ಅಳತೆಯನ್ನು ತಂದರು. ಅದರ ಮಿತಿ ೨೦೦ ಮಿಲಿಸೆಕೆಂಡು, ಎಂದರೆ ಮೇಲೆ ಹೇಳಿದ ಒಂದು ಮಾತ್ರೆ. ಇದು ಯುಕ್ತವಾದ ಬದಲಾವಣೆ. ಮೊದಲ ಕೂಗಿಗೆ ‘ಓ’ ಎಂದು, ಆಮೇಲೆ ಕೇಳಿದ್ದಕ್ಕೆಲ್ಲ ಸುಮ್ಮನಿರುವವನನ್ನು ಓಗೊಟ್ಟನೆಂದು ಹೇಳುವುದು ಹೇಗೆ?

ಈ ಮೂರರಲ್ಲಿ ಜನರಿಗೆ ಹೆಚ್ಚು ಹಿಂಸೆ ಕೊಡುವುದು ಕದಲಿಕೆಯೆಂದು ನನ್ನ ಅಭಿಪ್ರಾಯ. ನನ್ನ ತರಗತಿಯ ವಿದ್ಯಾರ್ಥಿಯೊಬ್ಬ ಒಂದು ಅರ್ಜಿಯನ್ನು ತುಂಬಿ ‘ಸಲ್ಲಿಸು’ ಎಂಬುದನ್ನು ಒತ್ತಲು ಹೋದ. ಅಷ್ಟರಲ್ಲಿ ಮೇಲ್ಗಡೆ ಯಾವುದೋ ಚಿತ್ರ ತಡವಾಗಿ ಬಂದು ಪುಟವನ್ನೆಲ್ಲ ಕೆಳಕ್ಕೆ ತಳ್ಳಿತು. ಬೆರಳ ಕೆಳಗೆ ‘ಅಳಿಸು’ ಎಂಬುದು ಬಂದು ನಿಂತಿತ್ತು. ಅರ್ಧ ಗಂಟೆಯ ಶ್ರಮ ಹೋಯಿತು. ಇದರ ಪರಿಹಾರವಾದರೋ ಬಹಳ ಸುಲಭ. ಚಿತ್ರದ ಉದ್ದಗಲಗಳನ್ನು ಪುಟದಲ್ಲಿ ಮೊದಲೇ ಬರೆದಿಟ್ಟರೆ, ಚಿತ್ರ ಬರುವ ಮೊದಲೇ ಬ್ರೌಸರು ಅದಕ್ಕೆ ಜಾಗ ಕಾದಿರಿಸುತ್ತದೆ. ಪಂಕ್ತಿಯಲ್ಲಿ ತಡವಾಗಿ ಬರುವವರಿಗೆ ಎಲೆ ಹಾಕಿ ಇಡುವುದಿಲ್ಲವೇ? ಒತ್ತತಕ್ಕ ಗುಂಡಿಗಳು ಬೆರಳಿಗೆ ತಕ್ಕಷ್ಟು ದೊಡ್ಡವಾಗಿ, ಸುಮಾರು ೪೮ ಪಿಕ್ಸೆಲ್ ಅಳತೆಯವಾಗಿ, ಪರಸ್ಪರ ದೂರದಲ್ಲಿರಬೇಕೆಂಬುದನ್ನೂ ಇಲ್ಲಿಯೇ ಹೇಳಬಹುದು.

ಪುಟ ಬರುವುದು ತಡವಾಗಲು ಕಾರಣವೇನು? ಕನ್ನಡದ ಲಿಪಿಯೇ ಭಾರವೆಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಲೆಕ್ಕ ಹಾಕಿ ನೋಡೋಣ. ಜಾಲದಲ್ಲಿ ರೂಢವಾಗಿರುವ ಯುಟಿಎಫ್-೮ ಪದ್ಧತಿಯಲ್ಲಿ ಸಾಮಾನ್ಯ ರೋಮನ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು ಬೇಕು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಎಂಬುದರಲ್ಲಿ ಸಕಾರ, ಹಲಂತ, ತಕಾರ, ಹಲಂತ, ರೇಫ, ಈಕಾರ ಎಂದು ಆರು ಸಂಕೇತಗಳಿರುವುದರಿಂದ ೧೮ ಬೈಟುಗಳಾದವು. ಆದರೂ ಇಪ್ಪತ್ತು ಸಾವಿರ ಸಂಕೇತಗಳ ಒಂದು ದೀರ್ಘಲೇಖನ ಅರವತ್ತು ಸಾವಿರ ಬೈಟುಗಳನ್ನು ದಾಟುವುದಿಲ್ಲ. ಮೂರು ಬೈಟುಗಳಲ್ಲಿ ಮೊದಲನೆಯದು ಎಲ್ಲ ಕನ್ನಡ ಸಂಕೇತಗಳಿಗೂ ಒಂದೇ; ಎರಡನೆಯದರಲ್ಲಿ ಇರುವುದು ಎರಡೇ ಬಗೆ. ಹೀಗೆ ಪುನರುಕ್ತಿ ಬಹಳವಾದುದರಿಂದ ಸಂಕೋಚನಕ್ರಿಯೆಗೆ ಅದು ಚೆನ್ನಾಗಿ ಒಗ್ಗಿ, ದಾರಿಯಲ್ಲಿ ಸಾಗುವಾಗ ಇನ್ನೂ ಹಗುರವಾಗುತ್ತದೆ. ಈಗ ಎದುರಿಗೆ ಫೋನಿನಿಂದ ತೆಗೆದ ಸಮಾರಂಭದ ಒಂದು ಛಾಯಾಚಿತ್ರವನ್ನಿಡಿ. ಮೂವತ್ತು ಲಕ್ಷ ಬೈಟುಗಳಿರುವುದು ಸಾಮಾನ್ಯ. ಎಂದರೆ ಐವತ್ತು ಲೇಖನಗಳ ಒಂದು ಸಂಚಿಕೆಯ ಪಠ್ಯವೆಲ್ಲ ಸೇರಿದರೂ ದೀಪ ಬೆಳಗುವ ಒಂದು ಚಿತ್ರದಷ್ಟೇ ತೂಕ! ಭಾರವಿರುವುದು ಅಕ್ಷರದಲ್ಲಲ್ಲ.

ಆದುದರಿಂದ ಮೊದಲು ಚಿತ್ರಕ್ಕೆ ಕೈ ಹಚ್ಚಬೇಕು. ನಾಲ್ಕು ಸಾವಿರ ಪಿಕ್ಸೆಲ್ ಅಗಲದ ಚಿತ್ರವನ್ನು ಫೋನಿನ ಕಿರುಪರದೆಗೆ ಕಳುಹಿಸಿ ಅಲ್ಲಿ ಕುಗ್ಗಿಸುವುದೆಂದರೆ ಬಿಂದಿಗೆ ನೀರಿಗೆ ಕೆರೆಯನ್ನು ಹೊತ್ತಂತೆ. ಒಂದೇ ಚಿತ್ರದ ಎರಡು ಮೂರು ಅಳತೆಯ ಪ್ರತಿಗಳನ್ನಿಟ್ಟು, ಪರದೆಗೆ ತಕ್ಕುದನ್ನು ಬ್ರೌಸರೇ ಆರಿಸಿಕೊಳ್ಳುವಂತೆ ಮಾಡಬಹುದು. ‘ವೆಬ್‌ಪಿ’ ಎಂಬ ರೂಪದಲ್ಲಿ ಉಳಿಸಿದರೆ ತೂಕ ಮತ್ತಷ್ಟು ಇಳಿಯುತ್ತದೆ. ಪುಟದ ಕೆಳಗಿರುವ ಚಿತ್ರಗಳನ್ನು ಓದುಗ ಅಲ್ಲಿಗೆ ಬಂದಾಗ ತರಿಸಿದರೆ ಸಾಕು. ಮೇಲ್ಗಡೆ ಮೊದಲು ಕಾಣತಕ್ಕ ಚಿತ್ರಕ್ಕೆ ಮಾತ್ರ ಈ ವಿಳಂಬವನ್ನು ಹಚ್ಚಬಾರದು. ವಿದ್ಯಾಸಂಸ್ಥೆಗಳ ತಾಣಗಳ ನೆತ್ತಿಯ ಮೇಲೆ ಐದಾರು ಚಿತ್ರಗಳು ಒಂದರ ಹಿಂದೊಂದು ಜಾರುವ ಪಟ್ಟಿಯೊಂದನ್ನು ಇಡುವುದು ಈಗ ಸಂಪ್ರದಾಯವೇ ಆಗಿದೆ. ಮೊದಲನೆಯದನ್ನು ಬಿಟ್ಟು ಮುಂದಿನದನ್ನು ಕಾದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಭಾರವನ್ನು ಮಾತ್ರ ಎಲ್ಲರೂ ಹೊರುತ್ತಾರೆ. ಅದನ್ನು ತೆಗೆದುಹಾಕುವುದೇ ಲೇಸು.

ಚಿತ್ರದ ತರುವಾಯ ಅಕ್ಷರಶೈಲಿ, ಎಂದರೆ ಫಾಂಟು. ಗುಣಿತಾಕ್ಷರ, ಒತ್ತಕ್ಷರಗಳ ರೂಪಗಳೆಲ್ಲ ಸೇರಿ ಕನ್ನಡ ಫಾಂಟಿನಲ್ಲಿ ನೂರಾರು ಆಕೃತಿಗಳಿರಬೇಕಾಗುತ್ತದೆ. ತಾಣವು ತನ್ನದೇ ಫಾಂಟನ್ನು ಕಳುಹಿಸುವುದಾದರೆ ಅದು ಬರುವವರೆಗೆ ಪಠ್ಯವನ್ನೇ ತೋರಿಸದೆ ಸುಮಾರು ೩ ಸೆಕೆಂಡು ಕಾಯುವ ಬ್ರೌಸರುಗಳುಂಟು. ಅಕ್ಷರ ಬಂದಿದೆ, ಅಂಗಿ ಬರಲಿಲ್ಲವೆಂದು ಒಳಗೇ ಕುಳಿತಿದೆ! ಫಾಂಟು ಬರುವವರೆಗೆ ಫೋನಿನಲ್ಲಿರುವ ಅಕ್ಷರದಿಂದಲೇ ತೋರಿಸು ಎಂದು ಒಂದು ಸಾಲಿನಲ್ಲಿ ಆಜ್ಞಾಪಿಸಿದರೆ ಈ ಕಾಯುವಿಕೆ ತಪ್ಪುತ್ತದೆ. ಆದರೆ ಎರಡು ಫಾಂಟುಗಳ ಅಗಲ ಬೇರೆಯಾದರೆ, ಬದಲಾಗುವ ಹೊತ್ತಿನಲ್ಲಿ ಸಾಲುಗಳು ಕದಲುತ್ತವೆ. ಇಂದಿನ ಫೋನುಗಳಲ್ಲಿ ಓದಲು ಯೋಗ್ಯವಾದ ಕನ್ನಡ ಫಾಂಟು ಮೊದಲೇ ಇರುವುದರಿಂದ ಅದನ್ನೇ ಬಳಸಿ, ಹೊರಗಿನಿಂದ ಏನನ್ನೂ ತರಿಸದಿರುವುದು ಸಾಧಾರಣ ತಾಣಗಳಿಗೆ ಉತ್ತಮ ಮಾರ್ಗ. ಅಕ್ಷರದ ಚೆಲುವಿನಲ್ಲಿ ಆಸಕ್ತಿಯುಳ್ಳವರು ಶೀರ್ಷಿಕೆಗೆ ಮಾತ್ರ ವಿಶೇಷ ಫಾಂಟನ್ನು, ‘ವಾಫ್-೨’ ಎಂಬ ಸಂಕುಚಿತ ರೂಪದಲ್ಲಿ, ಇಟ್ಟುಕೊಳ್ಳಲಿ.

ಪುಟ ಬಂದ ಮೇಲೆ ಮುಟ್ಟಿದರೂ ಅಲುಗದಿರುವುದಕ್ಕೆ ಕಾರಣ ಬೇರೆ. ಪುಟವನ್ನು ಚಿತ್ರಿಸುವುದು, ಬೆರಳಿಗೆ ಉತ್ತರಿಸುವುದು, ಜಾವಾಸ್ಕ್ರಿಪ್ಟ್ ಎಂಬ ಭಾಷೆಯ ಆದೇಶಗಳನ್ನು ನಡೆಸುವುದು, ಇವೆಲ್ಲವನ್ನೂ ಬ್ರೌಸರಿನಲ್ಲಿ ಬಹುಮಟ್ಟಿಗೆ ಒಬ್ಬನೇ ಆಳು ಸರದಿಯ ಮೇಲೆ ಮಾಡಬೇಕಾಗಿದೆ. ಕಚೇರಿಯಲ್ಲಿ ಒಬ್ಬನೇ ಗುಮಾಸ್ತನಿದ್ದಂತೆ ಎನ್ನಿ. ಅವನು ದಪ್ಪ ಕಡತವೊಂದನ್ನು ಬಿಚ್ಚಿಕೊಂಡು ಕುಳಿತಾಗ ಕಿಟಕಿಯ ಬಳಿ ಬಂದವರಿಗೆ ಉತ್ತರವಿಲ್ಲ. ೫೦ ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯುವ ಕೆಲಸವನ್ನು ತಜ್ಞರು ದೀರ್ಘಕಾರ್ಯವೆಂದೇ ಎಣಿಸುತ್ತಾರೆ. ಬೆಲೆಯುಳ್ಳ ಫೋನಿನಲ್ಲಿ ಗೊತ್ತಾಗದೆ ಮುಗಿಯುವ ಅದೇ ಕಡತ ಅಗ್ಗದ ಫೋನಿನಲ್ಲಿ ಹಲವು ಪಟ್ಟು ಹೊತ್ತು ತಿನ್ನುತ್ತದೆ. ಕಡತವನ್ನು ತುಂಡುತುಂಡಾಗಿ ನೋಡಿ ನಡುನಡುವೆ ಕಿಟಕಿಯ ಕಡೆ ತಲೆಯೆತ್ತುವಂತೆ ಮಾಡುವುದು ಒಂದು ಉಪಾಯ. ಬೇಡದ ಕಡತಗಳನ್ನು ತರಿಸದಿರುವುದು ಅದಕ್ಕಿಂತ ಹೆಚ್ಚಿನದು. ಬೆಂಗಳೂರಿನಲ್ಲಿ ೨೦೦೬ರಲ್ಲಿ ಆರಂಭವಾದ ರೆಡ್‌ಬಸ್ ಸಂಸ್ಥೆಯವರು ತಮ್ಮ ತಾಣದಲ್ಲಿ ಸ್ಪರ್ಶಕ್ಕೆ ಉತ್ತರ ಬರುವ ಕಾಲವನ್ನು ತಗ್ಗಿಸಿದ ಮೇಲೆ ಮಾರಾಟ ಶೇಕಡಾ ೭ರಷ್ಟು ಹೆಚ್ಚಿತೆಂದು ವರದಿಯಾಗಿದೆ. ‘ದಿ ಎಕನಾಮಿಕ್ ಟೈಮ್ಸ್’ ಪತ್ರಿಕೆಯ ತಾಣದಲ್ಲಿ ಮುಖ್ಯಭಾಗ ಕಾಣುವ ಕಾಲ ೪.೫ ಸೆಕೆಂಡಿನಿಂದ ೨.೫ಕ್ಕೂ, ಕದಲಿಕೆ ೦.೨೫ರಿಂದ ೦.೦೯ಕ್ಕೂ ಇಳಿದಾಗ, ಬಂದೊಡನೆ ಹಿಂದಿರುಗುವವರ ಪ್ರಮಾಣದಲ್ಲಿ ಶೇಕಡಾ ೪೩ರ ಸುಧಾರಣೆ ಕಂಡಿತು. ಬಸ್ಸಿನ ಚೀಟಿ ಮಾರುವವರಿಗೂ ಸುದ್ದಿ ಮಾರುವವರಿಗೂ ಈ ಲೆಕ್ಕ ಹಣದಲ್ಲಿ ತೋರುತ್ತದೆ. ಶಾಲೆಗಳಿಗೆ, ಗ್ರಂಥಾಲಯಗಳಿಗೆ ಅದು ಎಲ್ಲಿಯೂ ತೋರುವುದಿಲ್ಲ. ಹಿಂದಿರುಗಿ ಹೋದವನು ದೂರು ಬರೆದಿಟ್ಟು ಹೋಗುವುದಿಲ್ಲವಷ್ಟೆ.

ಶೋಧಯಂತ್ರಗಳ ಮಾತಿಗೆ ಬರೋಣ. ತಾಣದ ವೇಗವನ್ನೂ ತನ್ನ ಪಟ್ಟಿಯ ಕ್ರಮಕ್ಕೆ ಒಂದು ಲಕ್ಷಣವಾಗಿ ಗಣಿಸುವುದಾಗಿ ಗೂಗಲ್ ೨೦೧೦ರ ಏಪ್ರಿಲಿನಲ್ಲಿ ಸಾರಿತು. ೨೦೧೫ರ ಏಪ್ರಿಲ್ ೨೧ರಿಂದ ಫೋನಿನಲ್ಲಿ ಹುಡುಕುವವರಿಗೆ ಫೋನಿಗೆ ಒಗ್ಗಿದ ಪುಟಗಳನ್ನು ಮೇಲೆ ತರತೊಡಗಿತು. ೨೦೧೮ರ ಜುಲೈಯಲ್ಲಿ ಫೋನಿನ ಶೋಧಕ್ಕೂ ವೇಗವನ್ನು ಅನ್ವಯಿಸಿತು. ಆದರೆ ತೀರ ಮಂದವಾದ ಪುಟಗಳಿಗೆ ಮಾತ್ರ ಅದರ ಪೆಟ್ಟು ಎಂದಿತು. ೨೦೨೧ರ ಜೂನ್‌ನಿಂದ ಆಗಸ್ಟಿನೊಳಗೆ ಮೇಲೆ ಹೇಳಿದ ಮೂರು ಅಳತೆಗಳೂ ಸೇರಿದವು.

ಇದನ್ನು ಓದಿದವರಿಗೆ ವೇಗವಿದ್ದರೆ ಮೊದಲ ಸ್ಥಾನ ಸಿದ್ಧವೆಂದು ತೋರಬಹುದು. ಹಾಗಲ್ಲ. ಕೇಳಿದ ಪ್ರಶ್ನೆಗೆ ಪುಟದಲ್ಲಿ ಉತ್ತರವಿದೆಯೇ ಎಂಬುದೇ ಶೋಧಯಂತ್ರಕ್ಕೆ ಪ್ರಧಾನ. ಅನುಭವ ಅಷ್ಟು ಚೆನ್ನಾಗಿಲ್ಲದಿದ್ದರೂ ಹೆಚ್ಚು ಪ್ರಸ್ತುತವಾದ ಪುಟವನ್ನೇ ತೋರಿಸಲು ಯತ್ನಿ��ುವುದಾಗಿ ಗೂಗಲ್ ತಾನೇ ಹೇಳಿದೆ. ಸಮಾನವಾದ ಉತ್ತರಗಳು ಹಲವಿರುವಾಗ ವೇಗ, ವಿನ್ಯಾಸಗಳು ತಕ್ಕಡಿಯನ್ನು ವಾಲಿಸುತ್ತವೆ. ಹಣ ಕೊಟ್ಟರೆ ಮೊದಲನೆಯ ಸ್ಥಾನ ಕೊಡಿಸುತ್ತೇವೆಂದು ಬರುವವರನ್ನು ನಂಬತಕ್ಕದ್ದಲ್ಲ. ಅಂಥ ಭರವಸೆಯನ್ನು ಯಾರೂ ಕೊಡಲಾರರೆಂಬುದೂ ಗೂಗಲಿನದೇ ಮಾತು.

ವೇಗಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯನ್ನು ನಮ್ಮವರು ಅಷ್ಟಾಗಿ ಗಮನಿಸಿಲ್ಲ. ಶೋಧಯಂತ್ರ ಮೊದಲು ಕಂಪ್ಯೂಟರಿಗೆಂದು ಮಾಡಿದ ಪುಟವನ್ನು ಓದಿ ಸೂಚಿಯನ್ನು ತಯಾರಿಸುತ್ತಿತ್ತು. ಫೋನಿನ ಪುಟವನ್ನೇ ಆಧಾರವಾಗಿ ಹಿಡಿಯುವುದಾಗಿ ಗೂಗಲ್ ೨೦೧೬ರ ನವೆಂಬರಿನಲ್ಲಿ ಪ್ರಕಟಿಸಿ, ಹಂತಹಂತವಾಗಿ ಬದಲಿಸುತ್ತ, ೨೦೨೩ರ ಅಕ್ಟೋಬರಿನಲ್ಲಿ ಆ ಕೆಲಸ ಪೂರ್ಣವಾಯಿತೆಂದು ತಿಳಿಸಿತು. ಇದರ ಪರಿಣಾಮವನ್ನು ಯೋಚಿಸಿರಿ. ‘ಚಿಕ್ಕ ಪರದೆಗೆ ಇಷ್ಟು ಸಾಕು’ ಎಂದು ಫೋನಿನ ಪುಟದಲ್ಲಿ ಅರ್ಧ ಲೇಖನವನ್ನು ಕತ್ತರಿಸಿಟ್ಟರೆ, ಶೋಧಯಂತ್ರದ ಪಾಲಿಗೆ ಉಳಿದರ್ಧ ಇಲ್ಲವೇ ಇಲ್ಲ. ಬೃಹದ್ಗ್ರಂಥದ ಸಂಕ್ಷಿಪ್ತ ಪ್ರತಿಯನ್ನು ಮಾತ್ರ ನೋಡಿ ಸೂಚೀಪಟ್ಟಿ ಬರೆದಂತೆ ಆಯಿತು. ಪೂರ್ಣಪಠ್ಯವನ್ನು ಎಲ್ಲ ಪರದೆಗಳಿಗೂ ಕೊಟ್ಟು, ಜೋಡಣೆಯನ್ನು ಮಾತ್ರ ಬದಲಿಸುವ ಮಾರ್ಕಾಟನ ಕ್ರಮ ಇಲ್ಲಿ ತಾನಾಗಿಯೇ ಕಾಪಾಡುತ್ತದೆ. ಓಲೆಗರಿ ಕಿರಿದಾಯಿತೆಂದು ನಮ್ಮ ಲಿಪಿಕಾರರು ಪದ್ಯಗಳನ್ನು ಬಿಟ್ಟು ಬರೆಯಲಿಲ್ಲ.

ಅಳತೆಗಳನ್ನು ಎಣಿಸುವ ರೀತಿಯಲ್ಲಿಯೂ ಒಂದು ಸೂಕ್ಷ್ಮವುಂಟು. ನೂರು ಭೇಟಿಗಳಲ್ಲಿ ಎಪ್ಪತ್ತೈದು ಭೇಟಿಗಳು ಮಿತಿಯೊಳಗಿದ್ದರೆ ಪುಟವು ತೇರ್ಗಡೆಯಾದಂತೆ. ಉಳಿದ ಇಪ್ಪತ್ತೈದು ಯಾರವು? ಹಳೆಯ ಫೋನು, ಕ್ಷೀಣವಾದ ಸಂಕೇತ, ಗುಡ್ಡದ ಮರೆಯ ಊರು ಇರುವವರವೇ ಅವುಗಳಲ್ಲಿ ಹೆಚ್ಚಾಗಿರುವುದು ಸಹಜ. ಶೋಧಯಂತ್ರ ಅವರನ್ನು ಲೆಕ್ಕದಿಂದ ಬಿಡಬಹುದು; ವಿದ್ಯಾಸಂಸ್ಥೆ ಬಿಡುವುದು ಸಲ್ಲದು, ಏಕೆಂದರೆ ಅದರ ತಾಣಕ್ಕೆ ಬರಬೇಕಾದವರಲ್ಲಿ ಅವರೇ ಮುಖ್ಯರು. ಮಿಗಿಲಾಗಿ ಆ ಅಂಕಿಗಳು ಕ್ರೋಮ್ ಬ್ರೌಸರನ್ನು ಬಳಸುವವರಿಂದ ಸಂಗ್ರಹವಾದವು. ಭೇಟಿಗಳು ಸಾಕಷ್ಟಿಲ್ಲದ ಸಣ್ಣ ತಾಣಗಳಿಗೆ ಅಂಕಿಗಳೇ ದೊರೆಯುವುದಿಲ್ಲ. ಅಂಥವರು ಗೂಗಲಿನವರು ಉಚಿತವಾಗಿ ಒದಗಿಸಿರುವ ‘ಪೇಜ್‌ಸ್ಪೀಡ್ ಇನ್‌ಸೈಟ್ಸ್’ ಎಂಬ ಪರೀಕ್ಷೆಯಲ್ಲಿ ತಾಣದ ವಿಳಾಸವನ್ನು ಕೊಟ್ಟು, ಪ್ರಯೋಗಶಾಲೆಯ ರೀತಿಯ ಅಳತೆಯನ್ನಾದರೂ ಪಡೆಯಬಹುದು. ಪುಟದ ಭಾಷೆ ಕನ್ನಡವೆಂದು ಒಳಗೆ ನಮೂದಿಸುವ ‘ಕೆಎನ್’ ಎಂಬ ಸಂಕೇತ ಇದೆಯೇ ಎಂಬುದನ್ನೂ ಆಗ ನೋಡಬಹುದು. ಶೋಧಯಂತ್ರ ಭಾಷೆಯನ್ನು ಪಠ್ಯದಿಂದಲೇ ತಿಳಿಯುತ್ತದಾದರೂ, ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಕನ್ನಡದ ಉಚ್ಚಾರಣೆಯನ್ನು ಹಿಡಿಯಲು ಆ ನಮೂದು ಬೇಕು.

ಯಂತ್ರದ ಪರೀಕ್ಷೆ ಒತ್ತಕ್ಷರ ಕತ್ತರಿಸಿದ್ದನ್ನು ಹೇಳಲಾರದು. ಅದಕ್ಕೆ ಕಣ್ಣೇ ಬೇಕು. ಊರಿನಲ್ಲಿ ಸಿಗುವ ಅತ್ಯಂತ ಅಗ್ಗದ ಫೋನೊಂದನ್ನು ತಂದು, ಶಾಲೆಯ ವೈಫೈಯನ್ನು ಬಿಡಿಸಿ, ಬಸ್ ನಿಲ್ದಾಣದಲ್ಲಿ ನಿಂತು ತಾಣವನ್ನು ತೆರೆಯಬೇಕು. ಶೀರ್ಷಿಕೆಯಲ್ಲಿ ಒತ್ತುಗಳು ಪೂರ್ತಿ ಕಾಣುತ್ತವೆಯೇ, ಪುಟ ಅಡ್ಡಲಾಗಿ ಜಾರುತ್ತದೆಯೇ, ವೇಳಾಪಟ್ಟಿಯ ಕೋಷ್ಟಕ ತನ್ನ ಚೌಕಟ್ಟಿನೊಳಗೇ ಸರಿಯುತ್ತದೆಯೇ, ಗುಂಡಿಯನ್ನು ಒತ್ತಿದೊಡನೆ ಬಣ್ಣವಾದರೂ ಬದಲಾಗುತ್ತದೆಯೇ ಎಂದು ನೋಡಬೇಕು. ಕೆಲಸ ಮುಗಿಯಲು ತಡವಾಗುವಲ್ಲಿ ಈ ಬಣ್ಣದ ಬದಲಾವಣೆಯೇ ‘ಓ’ ಎಂಬ ದನಿ. ತಿದ್ದಿದ ಮೇಲೆ ಮರುದಿನವೇ ಗೂಗಲಿನ ವರದಿಯಲ್ಲಿ ಫಲವನ್ನು ಹುಡುಕಬಾರದು. ಹಿಂದಿನ ೨೮ ದಿನಗಳ ಭೇಟಿಗಳನ್ನು ಒಟ್ಟುಗೂಡಿಸಿ ಆ ಅಂಕಿಗಳನ್ನು ಕೊಡುವುದರಿಂದ ಹಳೆಯ ದಿನಗಳು ಕಳಚಿ ಹೊಸವು ಸೇರಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ.